ಏನೂ ಸಿಗದಿರಲಿ ಅಂತ ಹುಡುಕುವವರು: ಅಡುಗೋಡಿಯಿಂದ ಬನ್ನಿಮಂಟಪದವರೆಗೆ

ಪೊಲೀಸ್ ನಾಯಿ ಅಂದ ಕೂಡಲೇ ದಾವಣಗೆರೆ ಕಡೆಯ ನಾವೆಲ್ಲ ಹೇಳೋದು ತುಂಗಾಳ ಹೆಸರು. 2020ರ ಜುಲೈನಲ್ಲಿ ಒಂದು ಕೊಲೆ ಕೇಸಿನ ಜಾಡು ಹಿಡಿದು ಸುಮಾರು 12 ಕಿಲೋಮೀಟರ್ ಓಡಿದ ಡಾಬರ್‌ಮನ್ ಅದು. ಪೇಪರ್‌ನಲ್ಲಿ ಫೋಟೋ ಬಂತು, ಹಿರಿಯ ಅಧಿಕಾರಿಗಳು ಸನ್ಮಾನ ಮಾಡಿದರು. ನಮ್ಮ ಭಾವ ಬೇರೊಂದು ಜಿಲ್ಲೆಯ ಶ್ವಾನದಳದಲ್ಲಿ ಹ್ಯಾಂಡ್ಲರ್. ಮದುವೆಗೆ ಹೋದರೂ, ತಿಥಿ ಊಟಕ್ಕೆ ಕೂತರೂ ಯಾರಾದರೂ ಕೇಳೇ ಕೇಳುತ್ತಾರೆ: ‘ನಿಮ್ಮ ನಾಯಿ ಎಷ್ಟು ಕಿಲೋಮೀಟರ್ ಓಡುತ್ತೆ?’

ಭಾವನ ನಾಯಿ ಓಡಲ್ಲ. ಮೂಸುತ್ತೆ, ಸಿಕ್ಕರೆ ಕೂರುತ್ತೆ. ಅದು ಸ್ಫೋಟಕ ಪತ್ತೆ ಮಾಡುವ ನಾಯಿ.

ಈ ಸಲ ಅವರನ್ನು ದಸರಾ ಬಂದೋಬಸ್ತ್‌ಗೆ ಮೈಸೂರಿಗೆ ಹಾಕಿದ್ದರು. ಅದಕ್ಕೆ ಮುಂಚೆ ಬೆಂಗಳೂರಿನಲ್ಲಿ ಸ್ವಲ್ಪ ಅಭ್ಯಾಸ. ನನಗೂ ರಜೆ ಇತ್ತು. ‘ದೂರ ನಿಂತು ನೋಡೋದಾದ್ರೆ ಬಾರಪ್ಪ. ನಾಯಿ ಮುಟ್ಟಂಗಿಲ್ಲ, ಫೋಟೋ ಹೊಡೆಯಂಗಿಲ್ಲ, ಅದರ ಹೆಸರು ಎಲ್ಲೂ ಬರೆಯಂಗಿಲ್ಲ’ ಅಂದರು. ಡ್ಯೂಟಿಯಲ್ಲಿರುವ ನಾಯಿಯನ್ನು ದಾರಿಹೋಕರೆಲ್ಲ ಹೆಸರು ಹಿಡಿದು ಕರೆಯೋಕೆ ಶುರು ಮಾಡಿದರೆ ಅದರ ಗಮನ ಹೋಗುತ್ತಂತೆ. ಹಾಗಾಗಿ ಇಲ್ಲಿ ಅದು ಬರೀ ‘ಲ್ಯಾಬ್’. ಹೆಣ್ಣು ಲ್ಯಾಬ್ರಡಾರ್, ಕಪ್ಪು ಬಣ್ಣ, ಗಲ್ಲದ ಹತ್ತಿರ ನಾಲ್ಕೈದು ಬಿಳಿ ಕೂದಲು.

ಮೊದಲ ದಿನ: ಅಡುಗೋಡಿ

ಹೊಸೂರು ರಸ್ತೆಯ ಗದ್ದಲಕ್ಕೆ ಹತ್ತಿರದಲ್ಲೇ ಸಶಸ್ತ್ರ ಮೀಸಲು ಪಡೆಯ ದೊಡ್ಡ ಆವರಣ. ಬೆಂಗಳೂರು ನಗರದ ಶ್ವಾನದಳ ಇರೋದು ಇಲ್ಲೇ. ಹೊರಗೆ ಬಸ್ಸುಗಳ ಹಾರ್ನ್, ಒಳಗೆ ಬೊಗಳಾಟ. ಬೆಳಿಗ್ಗೆ ಬೇಗ ಹೋದರೆ ಮಾತ್ರ ಏನಾದರೂ ಕಾಣುತ್ತೆ. ಬಿಸಿಲೇರಿದ ಮೇಲೆ ನಾಯಿಗಳಿಗೆ ಕೆಲಸ ಕೊಡಲ್ಲ.

ಹ್ಯಾಂಡ್ಲರ್‌ಗಳು ಬ್ರಷ್ ಹಿಡಿದು ಸಾಲಾಗಿ ಕೂತಿದ್ದರು. ಬ್ರಷ್ ಮಾಡೋದು ಅಂದ ಹೆಚ್ಚಿಸೋಕಲ್ಲ. ಕೂದಲು ಬಾಚುತ್ತಲೇ ಕಿವಿಯೊಳಗೆ ನೋಡುತ್ತಾರೆ, ಬೆರಳ ಸಂದಿಯಲ್ಲಿ ಉಣ್ಣಿ ಇದೆಯಾ ಅಂತ ಬಿಡಿಸಿ ನೋಡುತ್ತಾರೆ, ಪಾದದಡಿ ಹೆಬ್ಬೆರಳಿಂದ ಒತ್ತುತ್ತಾರೆ. ನೋವಿದ್ದರೆ ಕಾಲು ಎಳೆದುಕೊಳ್ಳುತ್ತೆ. ಒಂದು ನಾಯಿಗೆ ಇಬ್ಬರು ಹ್ಯಾಂಡ್ಲರ್. ಒಬ್ಬರಿಗೆ ಜ್ವರ ಬಂದರೆ, ಮನೆಯಲ್ಲಿ ಮದುವೆ ಬಂದರೆ ಇನ್ನೊಬ್ಬರು. ಮೂರನೆಯವರು ಕೊಟ್ಟಿದ್ದನ್ನು ತಿನ್ನಬಾರದು ಅಂತ ಮರಿಯಿಂದಲೇ ಅಭ್ಯಾಸ. ಜೇಬಲ್ಲಿ ಬಿಸ್ಕತ್ತು ಇಟ್ಟುಕೊಂಡು ಹೋಗಿದ್ದ ನನ್ನ ಕಡೆ ಲ್ಯಾಬ್ ಒಂದು ಸಲ ನೋಡಿ ಮುಖ ತಿರುಗಿಸಿತು.

ಆಜ್ಞೆಗಳೆಲ್ಲ ಇಂಗ್ಲಿಷಿನಲ್ಲಿ: ಸಿಟ್, ಡೌನ್, ಸ್ಟೇ, ಹೀಲ್. ಮುದ್ದು ಮಾತ್ರ ಕನ್ನಡದಲ್ಲಿ. ‘ಬಾರೇ ಬಂಗಾರಿ’ ಅನ್ನೋದು ಆ ಮೀಸೆಯವರ ಬಾಯಲ್ಲಿ ಕೇಳಬೇಕು!

ಆಮೇಲೆ ಡಬ್ಬಿ ಆಟ. ಮುಚ್ಚಳಕ್ಕೆ ತೂತು ಕೊರೆದ ಡಬ್ಬಿಗಳನ್ನು ಸಾಲಾಗಿ ಇಡುತ್ತಾರೆ. ಒಂದರಲ್ಲಿ ಮಾತ್ರ ಮಾದರಿ ಇರುತ್ತೆ. ಆರ್‌ಡಿಎಕ್ಸ್, ಟಿಎನ್‌ಟಿ, ಅಮೋನಿಯಂ ನೈಟ್ರೇಟ್, ಕ್ವಾರಿಯಲ್ಲಿ ಬಳಸುವ ಜಿಲೆಟಿನ್ ಕಡ್ಡಿ, ಪಟಾಕಿ ಮದ್ದು, ಹೀಗೆ ಒಂದೊಂದನ್ನೂ ಬೇರೆ ಬೇರೆಯಾಗಿ ಕಲಿಸುತ್ತಾರೆ. ಮಾದರಿಗಳನ್ನು ಒಟ್ಟಿಗೆ ಇಡಂಗಿಲ್ಲ. ಒಂದರ ವಾಸನೆ ಇನ್ನೊಂದಕ್ಕೆ ಹತ್ತಿದರೆ ನಾಯಿ ಕಲಿಯೋದು ಕಲಬೆರಕೆ ವಾಸನೆಯನ್ನೇ. ಮುಟ್ಟುವಾಗ ಪ್ರತಿ ಸಲ ಹೊಸ ಗ್ಲೌಸ್. ಇಲ್ಲದಿದ್ದರೆ ನಾಯಿ ಸ್ಫೋಟಕದ ಬದಲು, ‘ಈ ಡಬ್ಬಿ ಮುಟ್ಟಿದ್ದು ಕಾನ್ಸ್‌ಟೇಬಲ್ ಇಂಥವರು’ ಅಂತ ಹುಡುಕಿಬಿಡುತ್ತೆ. ಅದಕ್ಕೆ ಅದೂ ಸುಲಭವೇ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು 50–60 ಲಕ್ಷ. ನಾಯಿಗೆ ತಳಿಗೆ ತಕ್ಕಂತೆ 12 ಕೋಟಿಯಿಂದ 30 ಕೋಟಿ.

ಲ್ಯಾಬ್ ಸಾಲಿನ ಪಕ್ಕ ನಡೆಯಿತು. ನಾಲಿಗೆ ಹೊರಗೆ, ಬಾಲ ಸಡಿಲ. ನಡುವೆ ಎಲ್ಲೋ ಒಂದು ಡಬ್ಬಿ ದಾಟಿ ಹೋದದ್ದು ತಟ್ಟನೆ ತಲೆ ಹಿಂದಕ್ಕೆ ಹೊರಳಿಸಿತು. ಬಾಯಿ ಮುಚ್ಚಿತು.

‘ಅದನ್ನೇ ನೋಡಬೇಕು. ಬಾಯಿ ಮುಚ್ಚಿದರೆ ಮೂಗು ಕೆಲಸ ಶುರು ಮಾಡಿದೆ ಅಂತ’ ಅಂದರು ಭಾವ. ನಾಯಿ ಸೆಕೆಂಡಿಗೆ 5 ಸಲದವರೆಗೂ ಮೂಸಬಲ್ಲದು. ಆದರೆ ಏದುಸಿರು ಬಿಡುತ್ತಾ ಮೂಸೋಕೆ ಆಗಲ್ಲ. ಬಿಸಿಲಲ್ಲಿ ದಣಿದ ನಾಯಿ ಕಣ್ಣೆದುರಿಗಿನ ಪೊಟ್ಟಣವನ್ನೂ ಬಿಟ್ಟು ಹೋಗುತ್ತೆ. ಅದಕ್ಕೇ 20–30 ನಿಮಿಷ ಕೆಲಸ, ಆಮೇಲೆ ನೆರಳು, ನೀರು.

ಲ್ಯಾಬ್ ಡಬ್ಬಿಯ ಮುಂದೆ ಕೂತು ಭಾವನ ಮುಖ ನೋಡಿತು. ಕೆರೆಯಲಿಲ್ಲ, ಬೊಗಳಲಿಲ್ಲ. ಬಾಂಬನ್ನು ಕಾಲಿಂದ ಕೆರೆದರೆ ಕಥೆ ಮುಗೀತು, ಅಲ್ವಾ? ಭಾವ ಬೆನ್ನ ಹಿಂದಿನಿಂದ ಟೆನಿಸ್ ಚೆಂಡು ಎಸೆದರು. ಇಷ್ಟು ಹೊತ್ತು ಗಂಭೀರವಾಗಿದ್ದ ಹೆಂಗಸು ಒಂದೇ ಕ್ಷಣದಲ್ಲಿ ಮರಿಯಾಗಿಬಿಟ್ಟಳು. ಅದರ ಪಾಲಿಗೆ ಆರ್‌ಡಿಎಕ್ಸ್ ಅಂದರೆ ಚೆಂಡು. ದೇಶ, ಡ್ಯೂಟಿ ಎಲ್ಲ ನಮ್ಮ ತಲೆನೋವು.

ಗಾಂಜಾ ಹುಡುಕುವ ನಾಯಿಗೆ ಬಾಂಬ್ ಕಲಿಸಲ್ಲ, ಬಾಂಬ್ ನಾಯಿಗೆ ಗಾಂಜಾ ಕಲಿಸಲ್ಲ. ನಾಯಿ ಕೂತಾಗ ಎದುರಿಗಿರೋದು ಯಾವುದು ಅಂತ ಹ್ಯಾಂಡ್ಲರ್‌ಗೆ ಗೊತ್ತಿರಬೇಕು. ಒಂದಕ್ಕೆ ಬ್ಯಾಗ್ ಬಿಚ್ಚಬೇಕು, ಇನ್ನೊಂದಕ್ಕೆ ಕಟ್ಟಡ ಖಾಲಿ ಮಾಡಿಸಬೇಕು. ಗ್ವಾಲಿಯರ್ ಹತ್ತಿರ ಟೇಕನ್‌ಪುರದಲ್ಲಿ ಬಿಎಸ್‌ಎಫ್ ನಡೆಸುವ ರಾಷ್ಟ್ರೀಯ ಶ್ವಾನ ತರಬೇತಿ ಕೇಂದ್ರದಲ್ಲಿ ವಾಸನೆ ಪತ್ತೆಯ ಕೋರ್ಸ್‌ಗೆ 24 ವಾರ, ಜಾಡು ಹಿಡಿಯುವ ಟ್ರ್ಯಾಕರ್‌ಗೆ 36 ವಾರ. ನಾಯಿಯ ಜೊತೆ ಹ್ಯಾಂಡ್ಲರ್ ಕೂಡ ಅಷ್ಟೂ ವಾರ ಕಲಿಯಬೇಕು.

ನನಗೆ ತುಂಬ ಹಿಡಿಸಿದ್ದು ಕೊನೆಯ ಸುತ್ತು. ಮಾದರಿ ಎಲ್ಲಿದೆ ಅಂತ ಹ್ಯಾಂಡ್ಲರ್‌ಗೂ ಹೇಳಲ್ಲ. ಕೆಲವು ಸಲ ಯಾವ ಡಬ್ಬಿಯಲ್ಲೂ ಏನೂ ಇಡಲ್ಲ. ಯಾಕೆಂದರೆ ನಾಯಿ ವಾಸನೆಯಷ್ಟೇ ಚೆನ್ನಾಗಿ ಮನುಷ್ಯನನ್ನೂ ಓದುತ್ತೆ. ಹ್ಯಾಂಡ್ಲರ್ ಒಂದು ಡಬ್ಬಿಯ ಮುಂದೆ ಅರೆಗಳಿಗೆ ನಿಧಾನ ಮಾಡಿದರೂ ಸಾಕು, ಅಲ್ಲೇ ಕೂತುಬಿಡುತ್ತೆ. 2011ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ 18 ಜೋಡಿ ನಾಯಿ-ಹ್ಯಾಂಡ್ಲರ್‌ಗಳನ್ನು ಹೀಗೇ ಪರೀಕ್ಷೆ ಮಾಡಿದ್ದರು. ಎಲ್ಲೂ ಏನೂ ಇಟ್ಟಿರಲಿಲ್ಲ. ಆದರೆ ‘ಇಲ್ಲಿ ಇದೆ’ ಅಂತ ಹ್ಯಾಂಡ್ಲರ್‌ಗಳನ್ನು ನಂಬಿಸಿದ್ದರು. ನಾಯಿಗಳು ನೂರಾರು ಸಲ ‘ಸಿಕ್ಕಿತು’ ಅಂದವು. ಭಾವನಿಗೆ ಈ ಅಧ್ಯಯನ ಗೊತ್ತಿರಲಿಲ್ಲ. ಹೇಳಿದಾಗ ನಕ್ಕು, ‘ಅದಕ್ಕೇ ನಮ್ಮ ಮೇಷ್ಟ್ರು ಹೊಡೀತಿದ್ದದ್ದು ನಾಯಿಗಲ್ಲ, ನಮಗೆ’ ಅಂದರು. ಬಾಯಲ್ಲಿ ಹೊಡೀತಿದ್ದರು ಅಂತ ಇಟ್ಟುಕೊಳ್ಳೋಣ.

ಎರಡನೇ ದಿನ: ಬೆಂಗಳೂರಿನ ಟಾರಿನ ಮೇಲೆ

ಟ್ರ್ಯಾಕರ್ ಕೆಲಸ ನೋಡದೆ ಹೋಗೋಕೆ ನನಗೆ ಮನಸ್ಸಿರಲಿಲ್ಲ. ಊರಿಗೆ ಹೋದರೆ ಕೇಳೋದೇ ಅದನ್ನ. ಬೆಳಗಿನ ಜಾವ, ಇಬ್ಬನಿ ಆರುವ ಮುಂಚೆ, ಒಬ್ಬರು ಹುಲ್ಲಿನ ಮೇಲೆ ಸೊಟ್ಟಸೊಟ್ಟ ನಡೆದು ಮರದ ಹಿಂದೆ ನಿಂತರು. ಅವರ ಕರವಸ್ತ್ರ ಮೂಸಿಸಿ ಉದ್ದ ಹಗ್ಗದಲ್ಲಿ ನಾಯಿ ಬಿಟ್ಟರು. ಡಾಬರ್‌ಮನ್ ನೆಲಕ್ಕೆ ಮೂಗು ಹಚ್ಚಿದ್ದು ಎತ್ತಲೇ ಇಲ್ಲ. ಅವರು ಎಡಕ್ಕೆ ತಿರುಗಿದ ಕಡೆ ಎಡಕ್ಕೆ, ನಿಂತ ಕಡೆ ಒಂದು ಸುತ್ತು, ಆಮೇಲೆ ಸೀದಾ ಮರದ ಹಿಂದೆ. ಹುಲ್ಲು ತುಳಿದಾಗ ಒಡೆದ ಎಲೆಯ ವಾಸನೆ, ಕದಲಿದ ಮಣ್ಣಿನ ವಾಸನೆ, ಮೈಯಿಂದ ಉದುರುವ ಚರ್ಮದ ಕಣಗಳು, ಇವೆಲ್ಲ ಸೇರಿ ಅದಕ್ಕೊಂದು ದಾರಿ.

ಅದೇ ನಾಯಿಯನ್ನು ಟಾರು ರಸ್ತೆಗೆ ತಂದಾಗ ನಡಿಗೆಯೇ ಬದಲಾಯಿತು. ನಿಂತು ನಿಂತು, ಹಿಂದೆ ಮುಂದೆ ತಿರುಗಿ. ಬಿಸಿಯಾದ ಟಾರಿನ ಮೇಲೆ ವಾಸನೆ ನಿಲ್ಲಲ್ಲ. ಮೇಲೆ ಸಾವಿರ ಚಪ್ಪಲಿ, ಹೊಗೆ, ಚೆಲ್ಲಿದ ಡೀಸೆಲ್.

‘ಹಳ್ಳಿಯಲ್ಲಿ ಕೊಲೆಯಾದರೆ ಕೊಂದವನು ಹೊಲದ ಬದುವಿನ ಮೇಲೆ ನಡ್ಕೊಂಡು ಹೋಗ್ತಾನೆ. ಇಲ್ಲಿ ಆಟೋ ಹತ್ತಿದ ಅಂದ್ರೆ ಮುಗೀತು’ ಅಂದರು ಅಲ್ಲಿದ್ದ ಹಿರಿಯ ಹ್ಯಾಂಡ್ಲರ್. ನಗರದ ಟ್ರ್ಯಾಕರ್ ಬಸ್ ಸ್ಟಾಪಿನವರೆಗೆ ಹೋಗಿ ನಿಲ್ಲೋದೇ ಹೆಚ್ಚು. ಮಾರನೇ ದಿನ ಜನ ‘ನಾಯಿ ಬಂತು, ಏನೂ ಮಾಡಲಿಲ್ಲ’ ಅಂತ ಆಡಿಕೊಳ್ಳುತ್ತಾರೆ. ಆದರೆ ಬಸ್ ಸ್ಟಾಪ್‌ವರೆಗೆ ಹೋಯಿತು ಅನ್ನೋದೂ ಒಂದು ಸುಳಿವೇ. ಕಳ್ಳ ನಡೆದು ಬಂದ ದಾರಿ ಯಾವುದು, ಯಾವ ಅಂಗಡಿಯ ಕ್ಯಾಮೆರಾ ತೆಗೆಸಿ ನೋಡಬೇಕು ಅಂತ ಗೊತ್ತಾಗುತ್ತೆ. ಈಗ ನಗರದಲ್ಲಿ ಜಾಡು ಮುಂದುವರಿಸೋದು ಸಿಸಿಟಿವಿ.

ಕೋರ್ಟಿನಲ್ಲಂತೂ ನಾಯಿ ತೋರಿಸಿತು ಅನ್ನೋದೊಂದೇ ಸಾಕ್ಷಿ ನಡೆಯಲ್ಲ. ನಾಯಿಯನ್ನು ಕಟಕಟೆಗೆ ಕರೆದು ಪಾಟೀಸವಾಲು ಮಾಡೋಕಾಗಲ್ಲ, ಅದರ ಪರವಾಗಿ ಮಾತಾಡೋದು ಹ್ಯಾಂಡ್ಲರ್. ಅದನ್ನು ನಂಬಿ ಒಬ್ಬನ ಜೀವ, ಸ್ವಾತಂತ್ರ್ಯ ತೀರ್ಮಾನ ಮಾಡೋದು ಹೇಗೆ ಅನ್ನುವ ಆಕ್ಷೇಪವನ್ನು ಸುಪ್ರೀಂ ಕೋರ್ಟ್ ಐವತ್ತು ವರ್ಷಗಳ ಹಿಂದೆಯೇ ಚರ್ಚಿಸಿದೆ. ಇದು ಸರಿಯಾದ ಮಾತು ಅಂತಲೇ ನನಗನಿಸುತ್ತೆ. ಹಿಂದಿನ ದಿನದ ಡಬ್ಬಿ ಆಟ ನೋಡಿದ ಮೇಲಂತೂ ಇನ್ನೂ ಜಾಸ್ತಿ.

ತಳಿಗಳ ಬಗ್ಗೆಯೂ ಮಾತು ಬಂತು. ಈಗ ಎಲ್ಲೆಲ್ಲೂ ಬೆಲ್ಜಿಯನ್ ಮ್ಯಾಲಿನೋಯ್ ಹವಾ. ಬೆಂಗಳೂರಿನ ಹತ್ತಿರದ ತರಳುವಿನಲ್ಲಿ ಸಿಆರ್‌ಪಿಎಫ್‌ನ ಶ್ವಾನ ಶಾಲೆ ಶುರುವಾದದ್ದು 2011ರಲ್ಲಿ. ಮ್ಯಾಲಿನೋಯ್ ಮರಿಗಳನ್ನು ಅಲ್ಲೇ ಬೆಳೆಸಿ ಕಾಡಿನ ಕಾರ್ಯಾಚರಣೆಗೆ ಕಳಿಸುತ್ತಾರೆ. ನಮ್ಮ ಮುಧೋಳ ನಾಯಿಯನ್ನು 2016ರಲ್ಲಿ ಸೇನೆಯವರು ಮೀರತ್‌ಗೆ ಒಯ್ದು ತರಬೇತಿ ಕೊಟ್ಟರು. ಅದು ಕಣ್ಣಿಂದ ಬೇಟೆಯಾಡುವ ನಾಯಿ. ಓಟದಲ್ಲಿ ಅದನ್ನು ಮೀರಿಸೋದು ಕಷ್ಟ. ಆದರೆ ಸಭಾಂಗಣದ ಕುರ್ಚಿ ಕುರ್ಚಿ ಮೂಸುವ ತಾಳ್ಮೆ ಬೇಕಾದಾಗ ಹ್ಯಾಂಡ್ಲರ್‌ಗಳು ಇವತ್ತಿಗೂ ಕೇಳೋದು ಲ್ಯಾಬ್ರಡಾರನ್ನೇ. ಜನರ ನಡುವೆ ಹೋದರೆ ಯಾರೂ ಹೆದರಲ್ಲ, ಅದೂ ಯಾರಿಗೂ ಹೆದರಲ್ಲ.

ನಾಯಿಗಳ ದಿನವನ್ನು ನಿಜವಾಗಿ ತಿನ್ನೋದು ಕಳ್ಳತನವೂ ಅಲ್ಲ, ಕೊಲೆಯೂ ಅಲ್ಲ. ಹುಸಿ ಬೆದರಿಕೆ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಇದೆ ಅಂತ ಇಮೇಲ್ ಬಂತು. ಮಕ್ಕಳನ್ನು ಮೈದಾನಕ್ಕೆ ತಂದರು, ಅಪ್ಪ ಅಮ್ಮಂದಿರು ಕಚೇರಿ ಬಿಟ್ಟು ಓಡಿ ಬಂದರು. ಎಲ್ಲೂ ಏನೂ ಇರಲಿಲ್ಲ. ಆದರೆ ಇಲ್ಲ ಅಂತ ಹೇಳೋಕೆ ಪ್ರತಿ ತರಗತಿ, ಪ್ರತಿ ಶೌಚಾಲಯ, ಪ್ರತಿ ಶಾಲಾ ಬಸ್ಸು ಹುಡುಕಲೇಬೇಕು. ಸುಳ್ಳು ಅಂತ ಗೊತ್ತಿದ್ದರೂ ಬಿಡಂಗಿಲ್ಲ. ಯಾಕೆಂದರೆ ಇದೇ ಊರಲ್ಲಿ 2010ರ ಏಪ್ರಿಲ್ 17ರಂದು ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ, ಮ್ಯಾಚ್ ಶುರುವಾಗುವ ಮುಂಚೆ ಬಾಂಬ್ ಸಿಡಿದಿತ್ತು. ಸಿಡಿಯದ ಬಾಂಬುಗಳು ಆಮೇಲೆ ಸಿಕ್ಕವು. 2024ರ ಮಾರ್ಚ್ 1ರಂದು ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಕೆಫೆಯಲ್ಲಿ ಸಿಡಿದದ್ದನ್ನಂತೂ ಯಾರೂ ಮರೆತಿಲ್ಲ.

ಇಮೇಲ್ ಕಳಿಸೋಕೆ ಒಂದು ನಿಮಿಷ. ಅದಕ್ಕೆ ಉತ್ತರ ಕೊಡೋಕೆ ನಾಯಿಯ ಮೂಗು ಇಡೀ ದಿನ. ಇದನ್ನು ಕೇಳಿದಾಗ ಮೈ ಉರಿಯಿತು.

ಮೂರನೇ ದಿನ: ಮೈಸೂರು, ಅರಮನೆ

ನಾಯಿಗಳು ಇಲಾಖೆಯ ವ್ಯಾನಿನಲ್ಲಿ, ನಾನು ರೈಲಿನಲ್ಲಿ. ಪ್ರಯಾಣದ ಬಗ್ಗೆ ಬರೆಯೋಕೆ ಏನಿಲ್ಲ. ಸೀಟು ಸಿಗಲಿಲ್ಲ, ಮದ್ದೂರು ವಡೆ ತಣ್ಣಗಿತ್ತು.

ಮೈಸೂರು ಆಗಲೇ ದಸರಾ ಊರಾಗಿತ್ತು. ಸಂಜೆಯಾದರೆ ಅರಮನೆಗೆ ಸುಮಾರು 1 ಲಕ್ಷ ಬಲ್ಬು, ಎದುರಿನ ವೇದಿಕೆಯಲ್ಲಿ ಸಂಗೀತ. ಜನ ಕುರ್ಚಿ ಹಿಡಿಯೋಕೆ ಮಧ್ಯಾಹ್ನವೇ ಬರುತ್ತಾರೆ. ಅವರು ಬರುವ ಮುಂಚೆ ಶ್ವಾನದಳ, ಬಾಂಬ್ ಪತ್ತೆ ದಳ ಸೇರಿ ಎ.ಎಸ್. ಚೆಕ್ ಮುಗಿಸಬೇಕು. ಅಂದರೆ ವಿಧ್ವಂಸಕ ಕೃತ್ಯ ತಡೆ ತಪಾಸಣೆ. ಇಷ್ಟುದ್ದ ಹೆಸರು ಯಾರೂ ಹೇಳಲ್ಲ, ಚೆಕ್ ಆಯ್ತಾ ಅಂತಾರೆ ಅಷ್ಟೇ.

ನಾನು ಕಂಬಿಯ ಈಚೆ ನಿಂತು ನೋಡಿದೆ. ಭಾವ ಮೊದಲು ಮಾಡಿದ್ದು ಜೇಬಿಂದ ಪುಡಿ ತೆಗೆದು ಗಾಳಿಗೆ ಬಿಟ್ಟಿದ್ದು. ಗಾಳಿ ಯಾವ ಕಡೆಯಿಂದ ಬೀಸುತ್ತೆ ನೋಡಿ ಅದಕ್ಕೆ ಎದುರಾಗಿ ನಾಯಿ ನಡೆಸಬೇಕು. ಆಗ ವಾಸನೆ ತಾನಾಗಿ ಮೂಗಿಗೆ ಬರುತ್ತೆ. ಮೊದಲು ವೇದಿಕೆಯ ಅಡಿ. ಕಂಬಿ, ಹಲಗೆ, ವೈರು, ಜನರೇಟರ್. ಆಮೇಲೆ ಮೇಲೆ. ಸ್ಪೀಕರ್ ಡಬ್ಬಗಳ ಹಿಂದೆ, ಹೂಕುಂಡಗಳ ನಡುವೆ, ಗಣ್ಯರ ಸೋಫಾ ಸಂದಿಯಲ್ಲಿ. ಭಾವ ಕೈ ತೋರಿಸಿದ ಕಡೆ ಲ್ಯಾಬ್ ಮೂಗು ಇಟ್ಟು ಮುಂದಕ್ಕೆ ಹೋಗುತ್ತಿತ್ತು. ಸಾಲು ಸಾಲು ಪ್ಲಾಸ್ಟಿಕ್ ಕುರ್ಚಿ ಬಂದಾಗ ನನಗೆ ನೋಡಿಯೇ ಆಕಳಿಕೆ ಬಂತು. ಲ್ಯಾಬ್‌ಗೆ ಬರಲಿಲ್ಲ.

ಎಲ್ಲ ಮುಗಿಸಿ ‘ಕ್ಲಿಯರ್’ ಅಂತ ಬರೆದುಕೊಡುವ ಹೊತ್ತಿಗೆ ಹೂವಿನವರು ಬಂದರು. ಚೆಂಡುಹೂವಿನ ದೊಡ್ಡ ಮೂಟೆಗಳು. ‘ಬೇಗ ಬಿಡಿ ಸಾರ್, ಬಾಡಿ ಹೋಗುತ್ತೆ.’ ಚೆಕ್ ಆದ ಜಾಗಕ್ಕೆ ಚೆಕ್ ಆಗದ ಒಂದು ಚೀಲ ಬಂದರೂ ಮಾಡಿದ್ದೆಲ್ಲ ನೀರುಪಾಲು. ಮೂಟೆಗಳನ್ನು ಒಂದಕ್ಕೊಂದು ತಗಲದ ಹಾಗೆ ನೆಲದ ಮೇಲೆ ಇಡಿಸಿ ಮತ್ತೆ ನಾಯಿ ಕರೆಸಿದರು. ಹೂವಿನವರು ಗೊಣಗಿದರು. ಲ್ಯಾಬ್ ಒಂದು ಮೂಟೆಯ ಮೇಲೆ ಸೀನಿತು. ಎಲ್ಲರೂ ಒಂದು ಹೆಜ್ಜೆ ಹಿಂದೆ! ಬರೀ ಸೀನು.

ಸಂಜೆ ಕಚೇರಿ ಕೇಳೋಕೆ ನಾನೊಬ್ಬನೇ ಕೂತೆ. ಭಾವ ಲ್ಯಾಬ್‌ಗೆ ಊಟ ಹಾಕೋಕೆ ಹೋಗಿದ್ದರು. ಕೆಲಸಕ್ಕೆ ಮುಂಚೆ ಹೊಟ್ಟೆ ತುಂಬ ಹಾಕಲ್ಲ. ತುಂಬಿದ ಹೊಟ್ಟೆಯಲ್ಲಿ ಓಡಾಡಿದರೆ ಕೆಲವು ನಾಯಿಗಳಿಗೆ ಜಠರ ತಿರುಚಿಕೊಂಡು ಜೀವಕ್ಕೇ ಬರುತ್ತೆ.

ನಾಲ್ಕನೇ ದಿನ: ಸಯ್ಯಾಜಿರಾವ್ ರಸ್ತೆ

ಈ ದಿನದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು.

ಜಂಬೂ ಸವಾರಿ ಅರಮನೆಯಿಂದ ಹೊರಟು ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ ದಾಟಿ ಬನ್ನಿಮಂಟಪಕ್ಕೆ ಹೋಗುತ್ತೆ. ಸುಮಾರು 5 ಕಿಲೋಮೀಟರ್. ಆ ದಾರಿಯ ಕಸದ ಡಬ್ಬಿ, ಚರಂಡಿ ಮುಚ್ಚಳ, ನಿಂತ ಗಾಡಿ, ಮುಚ್ಚಿದ ಅಂಗಡಿಯ ಮೆಟ್ಟಿಲು, ಎಲ್ಲ ನೋಡಬೇಕು. ದೇವರಾಜ ಮಾರುಕಟ್ಟೆಯ ಹತ್ತಿರ ಬಂದರೆ ಮನುಷ್ಯರ ಮೂಗೇ ಸೋಲುತ್ತೆ. ಮಲ್ಲಿಗೆ, ಅಗರಬತ್ತಿ, ರಸಬಾಳೆ, ಕುಂಕುಮ, ಕೊಳೆತ ಎಲೆಕೋಸು. ಇಷ್ಟರ ನಡುವೆ ನಾಯಿಗೆ ಹೇಗೆ ಗೊತ್ತಾಗುತ್ತೆ ಅಂತ ಕೇಳಿದೆ. ‘ನಿಂಗೆ ಮದುವೆ ಛತ್ರದ ಗಲಾಟೇಲಿ ನಿಮ್ಮಮ್ಮ ಕರೆದದ್ದು ಕೇಳಿಸಲ್ವಾ? ಹಂಗೆ’ ಅಂದರು ಭಾವ.

ಬೆಳಿಗ್ಗೆ ಬೇಗ, ಅಂಗಡಿಗಳು ಇನ್ನೂ ತೆರೆದಿರಲಿಲ್ಲ. ಫುಟ್‌ಪಾತ್ ಮೇಲೆ ಆಟಿಕೆ ಮಾರುವವರೊಬ್ಬರು ಗೋಣಿಚೀಲ, ಬಿದಿರಿನ ಕೋಲಿಗೆ ಕಟ್ಟಿದ ಪೀಪಿ, ಗಿರಗಟ್ಟೆ ಇಟ್ಟುಕೊಂಡು ಮಲಗಿದ್ದರು. ಲ್ಯಾಬ್ ಅವರನ್ನು ದಾಟಿ ಹೋಯಿತು. ನಾಲ್ಕು ಹೆಜ್ಜೆ ಮುಂದೆ ತಲೆ ಹೊರಳಿತು. ಬಾಯಿ ಮುಚ್ಚಿತು. ಅಡುಗೋಡಿಯಲ್ಲಿ ನೋಡಿದ್ದೇ. ವಾಪಸ್ ಬಂದು ಗೋಣಿಚೀಲದ ಹೊಲಿಗೆಯ ಮೇಲೆ ಮೂಗಿಟ್ಟು, ಸಣ್ಣಗೆ ಎರಡು ಸಲ ಎಳೆದು, ಕೂತಿತು. ಭಾವನ ಮುಖ ನೋಡಿತು.

ಭಾವ ಚೆಂಡು ಕೊಡಲಿಲ್ಲ. ಹಗ್ಗ ಸಡಿಲ ಬಿಟ್ಟುಕೊಂಡೇ ಹಿಂದಕ್ಕೆ ಬಂದರು, ಕೈ ಎತ್ತಿದರು. ಯಾರೂ ಕೂಗಲಿಲ್ಲ. ಮಲಗಿದ್ದವರನ್ನು ಒಬ್ಬರು ಎಬ್ಬಿಸಿ, ಹೆಗಲ ಮೇಲೆ ಕೈ ಹಾಕಿ ಆಚೆ ಕರೆದುಕೊಂಡು ಹೋದರು. ರಸ್ತೆಯ ಎರಡೂ ಕಡೆ ಹಗ್ಗ ಕಟ್ಟಿದರು. ನನ್ನನ್ನೂ ಯಾವುದೋ ಗಲ್ಲಿಯೊಳಕ್ಕೆ ತಳ್ಳಿದರು. ಅಲ್ಲಿಂದ ನನಗೆ ಕಂಡದ್ದು ಕೋಲಿಗೆ ಕಟ್ಟಿದ ಗಿರಗಟ್ಟೆಗಳು ಮಾತ್ರ. 2016ರ ಆಗಸ್ಟ್ 1ರಂದು ಇದೇ ಊರಿನ ಕೋರ್ಟ್ ಆವರಣದ ಶೌಚಾಲಯದಲ್ಲಿ ಬಾಂಬ್ ಸಿಡಿದದ್ದು ನೆನಪಾಯಿತು. ಕಾಲು ಸಣ್ಣಗೆ ನಡುಗುತ್ತಿತ್ತು.

ಬಾಂಬ್ ಪತ್ತೆ ದಳದವರು ತಮ್ಮ ಸಾಮಾನು ತಂದು, ತಮ್ಮ ಹೊತ್ತು ತಗೊಂಡು ನೋಡಿದರು. ಚೀಲದಲ್ಲಿ ಪ್ಲಾಸ್ಟಿಕ್ ಪಿಸ್ತೂಲು. ಅದರ ಕೆಳಗೆ ಡಬ್ಬಿ ಡಬ್ಬಿ ಚಟಪಟ ರೀಲು. ಮಕ್ಕಳು ಪಿಸ್ತೂಲಿಗೆ ಹಾಕಿ ಹೊಡೆಯುತ್ತಾರಲ್ಲ, ಕೆಂಪು ಕಾಗದದ ಸುರುಳಿ, ಅದೇ. ಆ ಚುಕ್ಕಿಯಲ್ಲಿರೋದು ಕ್ಲೋರೇಟ್ ಮದ್ದು. ಲ್ಯಾಬ್ ಕಲಿತ ಪಟ್ಟಿಯಲ್ಲಿ ಅದೂ ಇದೆ.

ಸುತ್ತ ನಗು. ಯಾರೋ ‘ಅಯ್ಯೋ, ನಿಮ್ಮ ನಾಯಿ ಮಕ್ಕಳ ಆಟಿಕೆ ಹಿಡಿಯಿತಲ್ಲ ಸಾರ್’ ಅಂದರು. ಭಾವ ನಗಲಿಲ್ಲ. ಒಳಗಿರೋದು ಏನು ಅಂತ ಖಾತ್ರಿಯಾದ ಮೇಲೆ ಲ್ಯಾಬನ್ನು ಮತ್ತೆ ಅದೇ ಚೀಲದ ಹತ್ತಿರ ಒಯ್ದರು. ಅದು ಮತ್ತೆ ಕೂತಿತು. ಆಗ ಚೆಂಡು ಎಸೆದರು, ‘ಶಹಬ್ಬಾಸ್’ ಅಂತ ಬೆನ್ನು ತಟ್ಟಿದರು.

‘ಅವಳು ತಪ್ಪು ಮಾಡಿಲ್ಲ. ಮದ್ದು ಇದೆಯಾ ಅಂತ ಕೇಳಿದ್ವಿ, ಇದೆ ಅಂದಳು. ಅದರಿಂದ ಯಾರಿಗೆ ಅಪಾಯ ಅಂತ ತೀರ್ಮಾನ ಮಾಡೋದು ನಮ್ಮ ಕೆಲಸ. ಇವತ್ತು ಬೈದರೆ ನಾಳೆ ನಿಜವಾದದ್ದು ಸಿಕ್ಕಾಗಲೂ ಸುಮ್ನೆ ಹೋಗ್ತಾಳೆ.’

ಆಟಿಕೆಯವರಿಗೆ ಅಲ್ಲೇ ಇದ್ದ ಎಎಸ್‌ಐ ಟೀ ಕುಡಿಸಿದರು. ಅವರ ಕೈ ಇನ್ನೂ ನಡುಗುತ್ತಿತ್ತು. ಚೀಲವನ್ನು ಬೇರೆ ಕಡೆ ಇಡಿಸಿ, ಮೆರವಣಿಗೆ ದಾರಿಯಲ್ಲಿ ರೀಲು ಮಾರಬೇಡಿ ಅಂತ ಹೇಳಿ ಕಳಿಸಿದರು. ವ್ಯಾಪಾರದ ದಿನವೇ ಹೋಯಿತಲ್ಲ ಅಂತ ನನಗೆ ಪಾಪ ಅನ್ನಿಸಿತು. ಎರಡು ಗಿರಗಟ್ಟೆ ಕೊಂಡೆ.

ಐದನೇ ದಿನ: ಆಯುಧ ಪೂಜೆ

ಪೊಲೀಸ್ ವ್ಯಾನುಗಳಿಗೆಲ್ಲ ಬಾಳೆಕಂದು, ಹೂವಿನ ಹಾರ. ಮೆಟಲ್ ಡಿಟೆಕ್ಟರ್‌ಗೂ ಕುಂಕುಮ ಇಟ್ಟಿದ್ದರು. ನಾಯಿಗಳಿಗೂ ಇಡೋಣ ಅಂತ ಒಬ್ಬ ಹುಡುಗ ಬಂದಾಗ ಭಾವ ನೆತ್ತಿಯ ಮೇಲೆ ಸಣ್ಣದೊಂದು ಬೊಟ್ಟಿಗೆ ಮಾತ್ರ ಒಪ್ಪಿದರು. ಮೂಗಿನ ಹತ್ತಿರ ಕರ್ಪೂರ ತರಬೇಡ ಅಂದರು. ಘಾಟು ಹೊಡೆದರೆ ಸ್ವಲ್ಪ ಹೊತ್ತು ಕೆಲಸ ಕೆಡುತ್ತೆ.

ಈ ದಿನ ಊರ ತುಂಬ ಒಡೆದ ಬೂದುಗುಂಬಳ. ಜಾರುತ್ತೆ, ಸುಣ್ಣ ಅರಿಸಿನ ಕಲೆಸಿದ ನೀರು ಕಾಲಿಗೆ ಮೆತ್ತುತ್ತೆ. ನಡುವೆ ಒಡೆದ ತೆಂಗಿನ ಚಿಪ್ಪಿನ ಚೂರು. ಪ್ರತಿ ಸುತ್ತು ಮುಗಿದ ಮೇಲೆ ಭಾವ ನೆಲಕ್ಕೆ ಕೂತು, ಒಂದೊಂದು ಪಾದ ತೊಡೆಯ ಮೇಲಿಟ್ಟುಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಮಧ್ಯಾಹ್ನ ಟಾರಿಗೆ ತಮ್ಮ ಅಂಗೈ ಹಿಂಬದಿ ಒತ್ತಿ ನೋಡಿದರು. ತಾನು ಇಟ್ಟುಕೊಳ್ಳೋಕೆ ಆಗದ ಬಿಸಿಗೆ ನಾಯಿಯನ್ನು ಇಳಿಸಲ್ಲ.

ವಿಜಯದಶಮಿ

ಬೆಳಕು ಹರಿಯುವ ಮುಂಚೆಯೇ ಅರಮನೆ ಆವರಣ, ಗಣ್ಯರ ಗ್ಯಾಲರಿ, ಮತ್ತೆ ರಸ್ತೆ. ಜನ ತುಂಬಿದ ಮೇಲೆ ನಾಯಿಯನ್ನು ನಡೆಸೋಕೆ ಜಾಗವೂ ಇರಲ್ಲ, ನಡೆಸಿ ಪ್ರಯೋಜನವೂ ಕಡಿಮೆ. ಹೀಗಾಗಿ 750 ಕಿಲೋ ಅಂಬಾರಿ ಹೊತ್ತ ಆನೆ ಹೊರಬಂದಾಗ, ಇಷ್ಟೆಲ್ಲ ದಾರಿ ತೆರವು ಮಾಡಿದವರು ವ್ಯಾನಿನ ನೆರಳಲ್ಲಿದ್ದರು. ಕರೆ ಬಂದರೆ ಹೋಗೋಕೆ ತಯಾರಾಗಿ.

ಏಳು ಫಿರಂಗಿಯಿಂದ 21 ಕುಶಾಲತೋಪು ಹಾರಿದಾಗ ನಾನು ಕಿವಿ ಮುಚ್ಚಿಕೊಂಡೆ. ಆನೆ, ಕುದುರೆಗಳಿಗೆ ಈ ಸದ್ದಿಗೆ ಮುಂಚಿನಿಂದಲೇ ಅಭ್ಯಾಸ ಮಾಡಿಸುತ್ತಾರೆ. ಪೊಲೀಸ್ ನಾಯಿಗಳಿಗೂ ಸಣ್ಣದರಿಂದಲೇ ಪಟಾಕಿ, ತಟ್ಟೆ ಬಡಿತ ಕೇಳಿಸಿ ಬೆಳೆಸಿರುತ್ತಾರೆ. ಲ್ಯಾಬ್ ಒಂದು ಕಿವಿ ಎತ್ತಿ, ಮತ್ತೆ ಮಲಗಿತಂತೆ.

ಜನ ಕಟ್ಟಡಗಳ ಮೇಲೆ, ಮರಗಳ ಮೇಲೆ. ಹಳೆಯ ಮಾರುಕಟ್ಟೆ ಕಟ್ಟಡದ ಮೇಲೆ ಹತ್ತಬೇಡಿ ಅಂತ ಮೈಕಿನಲ್ಲಿ ಕೂಗುತ್ತಲೇ ಇದ್ದರು. ನನ್ನ ಪಕ್ಕದಲ್ಲಿದ್ದ ಅಜ್ಜಿ ಮಂಡ್ಯದ ಕಡೆಯವರು. ಬೆಳಿಗ್ಗೆಯಿಂದ ಅದೇ ಜಾಗದಲ್ಲಿ ಟವೆಲ್ ಹಾಸಿ ಕೂತಿದ್ದರು. ‘ಪೊಲೀಸ್ ನಾಯಿ ಬಂದು ನನ್ನ ಬುತ್ತಿ ಗಂಟು ಮೂಸ್ಕೊಂಡು ಹೋಯ್ತು ಕಣಪ್ಪ. ತಿನ್ನಲಿಲ್ಲ, ಒಳ್ಳೇ ನಾಯಿ’ ಅಂದರು. ಯಾವ ಬಣ್ಣ ಅಂತ ಕೇಳಿದೆ. ಕಪ್ಪು ಅಂದರು.

ರಾತ್ರಿ ಬನ್ನಿಮಂಟಪದಲ್ಲಿ ಪಂಜಿನ ಕವಾಯತು. ಅದಕ್ಕೂ ಸಂಜೆಯೇ ಚೆಕ್ ಆಗಿತ್ತು. ಗ್ಯಾಲರಿ, ಪೆವಿಲಿಯನ್, ಮೈದಾನದ ಅಂಚು. ಏನೂ ಸಿಗಲಿಲ್ಲ. ದಿನವಿಡೀ ಏನೂ ಸಿಗಲಿಲ್ಲ. ಊರಿಗೆ ಅದೇ ಬೇಕಾಗಿದ್ದದ್ದು. ಆದರೆ ನಾಯಿಯ ಲೆಕ್ಕ ಬೇರೆ. ಬೆಳಗಿನ ಜಾವದಿಂದ ಹುಡುಕಿದೆ, ಒಂದು ಸಲವೂ ಚೆಂಡು ಸಿಕ್ಕಿಲ್ಲ. ಹೀಗೇ ನಾಲ್ಕು ದಿನ ಹೋದರೆ ‘ಇಲ್ಲಿ ಎಂದೂ ಇರಲ್ಲ’ ಅಂತ ಅದೂ ಕಲಿಯುತ್ತೆ. ಆಮೇಲೆ ಸುಮ್ನೆ ಹೆಜ್ಜೆ ಹಾಕುತ್ತೆ, ಮೂಸಿದ ಹಾಗೆ ನಟಿಸುತ್ತೆ. ಹೆಚ್ಚು ಹೆದರಬೇಕಾದದ್ದು ಇಂಥ ನಾಯಿಗೇ ಅಂತಾರೆ ಭಾವ. ಬಾಂಬ್ ಇಲ್ಲದ ನಗರದಲ್ಲಿ ಬಾಂಬ್ ಹುಡುಕುವ ಆಸೆಯನ್ನು ವರ್ಷಗಟ್ಟಲೆ ಉಳಿಸಿಕೊಂಡು ಹೋಗೋದು. ಅವರ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ ಅಂತ ನನಗೆ ಅರ್ಥವಾಗೋಕೆ ಇಷ್ಟು ದಿನ ಬೇಕಾಯಿತು.

ಹಾಗಾಗಿ ಜನ ಚದುರಿ, ವ್ಯಾನುಗಳೆಲ್ಲ ಸಾಲಾಗಿ ನಿಂತಿದ್ದಾಗ ಇನ್ನೊಬ್ಬ ಹ್ಯಾಂಡ್ಲರ್ ಹೊಸ ಗ್ಲೌಸ್ ಹಾಕಿಕೊಂಡು ಮಾದರಿಯ ಸಣ್ಣ ಡಬ್ಬಿ ತಂದರು. ಭಾವನನ್ನು ಅತ್ತ ತಿರುಗಿ ನಿಲ್ಲಿಸಿ, ಯಾವುದೋ ವ್ಯಾನಿನ ಚಕ್ರದ ಹಿಂದೆ ಇಟ್ಟು ಬಂದರು. ಸ್ವಲ್ಪ ಹೊತ್ತು ವಾಸನೆ ಹರಡೋಕೆ ಬಿಟ್ಟರು. ‘ಸರ್ಚ್’ ಅಂದಾಗ ಲ್ಯಾಬ್‌ನ ಬಾಲ ಸುಸ್ತಾಗಿ ಜೋತಿತ್ತು. ಮೂರು ವ್ಯಾನು ದಾಟುವವರೆಗೆ ಹಾಗೇ ಇತ್ತು. ನಾಲ್ಕನೆಯದರ ಬಂಪರ್ ಹತ್ತಿರ ಬಾಯಿ ಮುಚ್ಚಿತು. ಹಿಂದಿನ ಚಕ್ರಕ್ಕೆ ಸುತ್ತು ಬಂದು ಧೊಪ್ಪನೆ ಕೂತಿತು.

ಚೆಂಡು ಎಷ್ಟು ದೂರ ಎಸೆದರೂ ತರುತ್ತಿತ್ತು. ಕೊನೆಗೆ ಬಿಡಿಸಿಕೊಳ್ಳೋಕೆ ಇಬ್ಬರು ಬೇಕಾಯಿತು. ‘ಸಾಕು ಬಾರೇ, ನಾಳೆ ಮಧ್ಯಾಹ್ನ ನಮ್ಮೂರಲ್ಲಿ ಮಂತ್ರಿ ಪ್ರೋಗ್ರಾಂ ಇದೆ’ ಅಂತ ಭಾವ ಅದನ್ನು ವ್ಯಾನಿಗೆ ಹತ್ತಿಸಿದರು. ನನಗೆ ರೈಲಿನ ಹೊತ್ತಾಗಿತ್ತು.